ಭಂಡಾರ ಮುಟ್ಟಿದ ಆಣೆ

"ಇನ್ನಷ್ಟು ಬಿಗಿ ಎಳಿ ಬೇ. ಬಾಯಿ ತೆರಕೊಂಡ್ರ ಛಲೋ ಕಾಣೂದಿಲ್ಲ," ಎಂದಳು ಪಕ್ಕದ ಮನೆಯ ತಾರವ್ವ.

ಅವ್ವನ ಗದ್ದದ ಕೆಳಗಿಂದ ಬಿಳಿ ಬಟ್ಟೆಯ ಪಟ್ಟಿ ತಂದು ನೆತ್ತಿಯ ಮೇಲೆ ಗಂಟು ಹಾಕಹೊರಟ ಭಾಗ್ಯಾ ಹಾಗೇ ನಿಂತಳು. ಈ ಬಾಯಿಯನ್ನು ತಾನು ಕಟ್ಟುತ್ತಿರುವುದು ಇದೇ ಮೊದಲಲ್ಲ ಎಂಬುದು ನೆನಪಾಯಿತು. ತಾರವ್ವ ಪಟ್ಟಿಯನ್ನು ಕಸಿದುಕೊಂಡು ತಾನೇ ಗಂಟು ಬಿಗಿದಳು.

ಬನಹಟ್ಟಿಯ ಆ ಓಣಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಮಗ್ಗ ಹಾಕುವುದಿಲ್ಲ. ಬೆಳಿಗ್ಗೆ ಹೋಗಿದ್ದ ಕರೆಂಟ್ ಮತ್ತೆ ಬಂದಿದ್ದರೂ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ಬಾಡಿಗೆ ಕೋಣೆಯಲ್ಲಿ ಕೂತು ಊರಿನವರ ಮಗ್ಗಗಳ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದ ಭಾಗ್ಯಾಳ ಅವ್ವ ಸುಂದರವ್ವನಿಗೂ ಆ ಮರ್ಯಾದೆ ಸಿಕ್ಕಿತು. ಸತ್ತ ಮೇಲೆ ಓಣಿಯವಳಾದಳು ಎಂದರೆ ತಾರವ್ವನಿಗೆ ಅನ್ಯಾಯವಾದೀತು. ಅವಳು ಮೊದಲ ದಿನವೇ ರೊಟ್ಟಿ ತಂದುಕೊಟ್ಟವಳು.

"ನನಗ ಒಂದ ತಿಳಿಯಂಗಿಲ್ಲ," ತಾರವ್ವ ಕೂತ ಹೆಂಗಸರಿಗೆ ಹೇಳಿದಳು. "ಕರೆಂಟ್ ಹೋಗಿ ಮಗ್ಗೆಲ್ಲಾ ನಿಂತಿದ್ವು. ಭಾಗ್ಯಾ ನಮ್ಮನ್ಯಾಗ ಕುಂತಿದ್ಲು, ನಡುವ ಒಂದ ಗ್ವಾಡಿ. ಗ್ವಾಡಿ ಬಡದದ್ದು ಕೇಳಿತು ಖರೆ. ಅದು ದಿನಾ ಇದ್ದದ್ದ. 'ಅವ್ವ ಕರಿಯಾಕತ್ತಾಳ, ಚಹಾ ಕುಡದು ಹೋಗತೀನಿ' ಅಂತು ಹುಡುಗಿ. ಅದರಾಗ ತಪ್ಪೇನೈತಿ? ಎದಿ ಹಿಡದಾಗ ಒಂದು ಕೂಗು ಹಾಕಿದ್ರ ಓಡಿ ಬರತಿದ್ವಿಲ್ಲೊ?"

"ಪಾಪ, ಆಕಿದು ಭಾಳ ಸಣ್ಣ ದನಿ ಬಿಡ್ರಿ," ಎಂದಳು ಒಬ್ಬಾಕೆ.

ಮೂಲೆಯಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ ಭಾಗ್ಯಾಳ ಅಪ್ಪ ಅಮಸಿದ್ದಪ್ಪ ತಲೆ ಎತ್ತಿದ. "ಸಣ್ಣ ದನಿ? ಆಕಿ ಕೂಗಿದ್ರ ಹೊಳಿ ಆಚಿ ದಂಡಿಮ್ಯಾಲಿನ ಕುರಿ ತಿರಗತಿದ್ವು," ಎಂದು ಮಗಳ ಕಡೆ ನೋಡಿದ.

ಭಾಗ್ಯಾ ಮುಖ ತಿರುಗಿಸಿದಳು.

*

ಆಲಮಟ್ಟಿಯ ಹಿನ್ನೀರು ಗಲಗಲಿ ಕಡೆಯ ಅವರ ಹುಲ್ಲುಗಾವಲನ್ನು ನುಂಗಿದ ವರ್ಷ ಅಮಸಿದ್ದಪ್ಪ ಕುರಿ ಮಾರಿ, ಹೆಂಡತಿ ಮಗಳನ್ನು ಕಟ್ಟಿಕೊಂಡು ಬನಹಟ್ಟಿಗೆ ಬಂದಿದ್ದ. ಮನೆದೇವರು ಬೀರಪ್ಪನ ಭಂಡಾರದ ಅರಿಶಿನಪುಡಿಯ ಚೀಲ, ಎರಡು ಕಂಬಳಿ, ನಾಲ್ಕು ಪಾತ್ರೆ ಇಷ್ಟೇ ಸಂಸಾರ. ಜೊತೆಗೆ ಬಂದದ್ದು ಸುಂದರವ್ವನ ಗಂಟಲು. ಕುರಿ ಹಿಂದೆ ಬೆಳೆದ ಗಂಟಲಿಗೆ ಓಣಿ ಯಾವುದು, ಬಯಲು ಯಾವುದು?

ಭಾಗ್ಯಾ ಆಗ ಐದನೆಯ ಇಯತ್ತೆ. ಒಂದು ದಿನ ಮರೆತು ಹೋದ ಬುತ್ತಿಯನ್ನು ಹಿಡಿದು ಸುಂದರವ್ವ ಶಾಲೆಯ ಗೇಟಿಗೆ ಬಂದಳು. ಹುಡುಗರ ಗದ್ದಲದಲ್ಲಿ ಮಗಳು ಕಾಣಲಿಲ್ಲ. ಬಾಯಿಗೆ ಅಂಗೈ ಅಡ್ಡ ಹಿಡಿದು ಕೂಗಿಯೇ ಬಿಟ್ಟಳು:

"ಹುರ್ಯೋಽಽ... ಭಾಗ್ಯಾಽಽ... ಬಾ ಬಾ ಬಾ!"

ಇಡೀ ಮೈದಾನ ಗಪ್ಪಾಯಿತು. ಮರುಕ್ಷಣವೇ ಯಾರೋ "ಬ್ಯಾ..." ಎಂದರು. ಸಂಜೆಯವರೆಗೆ ಅದೇ ನಡೆಯಿತು. ಬೆಂಚಿನ ಗೆಳತಿಯೂ ಬ್ಯಾ ಎಂದಳು.

ಮನೆಗೆ ಬಂದ ಭಾಗ್ಯಾ ಚೀಲ ಎಸೆದಳು. "ಇನ್ನ ಎಂದೂ ಕೂಗಬ್ಯಾಡ. ನಾ ಏನ್ ಕುರಿ ಏನು?"

ಸುಂದರವ್ವ ನಕ್ಕಳು. ಆ ನಗು ಮಗಳ ಸಿಟ್ಟನ್ನು ಇನ್ನೂ ಏರಿಸಿತು. ಗೋಡೆಯ ಮಾಡದೊಳಗಿನ ಭಂಡಾರ ತಂದು ಅವ್ವನ ಅಂಗೈಗೆ ಸುರಿದಳು; ಆ ಕೈಯನ್ನು ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ಆಣಿ ಮಾಡು. ನೀ ಕೂಗಿದ್ರ ನಿನ್ನ ಮಗಳು ಸಾಯತಾಳ ಅನ್ನು."

"ಬಿಡ್ತು ಅನ್ನ ಯವ್ವಾ!" ಸುಂದರವ್ವ ಬೆದರಿ ಕೈ ಎಳೆದುಕೊಳ್ಳಹೋದಳು. ಹುಡುಗಿ ಬಿಡಲಿಲ್ಲ. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕೊನೆಗೆ ಅವ್ವನೇ ಸೋತಳು.

"ಆತು. ಬೀರಪ್ಪನಾಣಿ, ಕೂಗೂದಿಲ್ಲ."

ಹಟ ಗೆದ್ದ ಹುಡುಗಿ ಕೆಲವೇ ದಿನಗಳಲ್ಲಿ ಅದನ್ನು ಮರೆತಳು. ಅವ್ವ ಮರೆಯಲಿಲ್ಲ. ಕರೆಯಬೇಕಾದರೆ ಬಂದು ಬಾಗಿಲಲ್ಲಿ ನಿಲ್ಲುವಳು, ಇಲ್ಲವೇ ಗೋಡೆ ಬಡಿಯುವಳು. ಅವ್ವ ಪಟ್ಟಣದ ರೀತಿ ಕಲಿತಳೆಂದು ಭಾಗ್ಯಾ ಹೆಮ್ಮೆಪಟ್ಟಿದ್ದೂ ಉಂಟು.

*

ಹೊತ್ತು ಇಳಿಯುವಾಗ ಮಣ್ಣಿಗೆ ಒಯ್ದರು. ಕಂಬಳಿ ಹೊದಿಸಿದ ಸುಂದರವ್ವನನ್ನು ಕುಣಿಗೆ ಇಳಿಸಿದ್ದಾಯಿತು. ಅಮಸಿದ್ದಪ್ಪ ಭಂಡಾರದ ಚೀಲವನ್ನು ಮಗಳ ಮುಂದೆ ಹಿಡಿದ.

"ಹಾಕು."

ಭಾಗ್ಯಾಳ ಕೈ ಮುಂದೆ ಬರಲಿಲ್ಲ. "ಅಪ್ಪಾ, ಅವ್ವ ಯಾಕ ಕೂಗಲಿಲ್ಲಂದ್ರ... ಸಣ್ಣಾಕಿ ಇದ್ದಾಗ ನಾನ ಆಣಿ..."

"ಗೊತ್ತೈತಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಆಕಿ ಹೇಳಗೊಡಲಿಲ್ಲ. ಹುಡುಗಿ ಮರತೈತಿ, ನೀನೂ ಬಿಡು ಅಂತ ನಾ ಎಷ್ಟ ಸಲ ಅಂದೆ. 'ಆಣಿ ಹಾಕಿಸಿದಾಕಿ ತಾನ ಬಿಡಿಸಬೇಕು. ನಾ ಬಾಯಿ ತಪ್ಪಿ ಕೂಗಿ ಆಕಿಗೆ ಏನರ ಆತಂದ್ರ?' ಅಂತಿದ್ಲು." ಅಮಸಿದ್ದಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಗದ್ದದ ಪಟ್ಟಿ ಬಿಚ್ಚಬೇಕು. ಗಂಟು ಮಣ್ಣಿಗೆ ಹೋಗಬಾರದು. ನೀನ ಇಳಿ."

ಬೆಳಿಗ್ಗೆ ಗೋಡೆ ಬಡಿದಾಗ ತಾರವ್ವನ ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ಆ ಚಹಾ ತಣ್ಣಗಾದರೆ ಯಾರ ಮನೆ ಮುಳುಗುತ್ತಿತ್ತು? ಭಾಗ್ಯಾ ತನ್ನನ್ನು ತಾನೇ ಶಪಿಸಿಕೊಳ್ಳುತ್ತ ಕುಣಿಗಿಳಿದಳು. ತಾರವ್ವನ ಗಂಟು ಸುಲಭಕ್ಕೆ ಬಿಡಲಿಲ್ಲ. ಹಲ್ಲು ಹಚ್ಚಿ ಎಳೆದಳು. ಪಟ್ಟಿ ಕಳಚಿ ಬಂತು.

ಭಂಡಾರ ತೆಗೆದುಕೊಂಡು ಅವ್ವನ ಅಂಗೈಗೆ ಸವರಿದಳು. ಆ ತಣ್ಣನೆಯ ಕೈಯನ್ನು ತನ್ನ ನೆತ್ತಿಗೆ ಮುಟ್ಟಿಸಿಕೊಂಡಳು.

"ಆಣಿ ಬಿಡಿಸೇನಿ ಯವ್ವಾ. ಕೂಗು."

ಬೆಳಿಗ್ಗೆಯಿಂದ ಕಟ್ಟಿಸಿಕೊಂಡು ಸೆಟೆದಿದ್ದ ಬಾಯಿ ಮುಚ್ಚಿಯೇ ಇತ್ತು. ಭಾಗ್ಯಾ ಬಗ್ಗಿ ಅದಕ್ಕೆ ಕಿವಿ ಇಟ್ಟಳು. ಮೇಲೆ ನಿಂತವರು ಹಿಡಿಮಣ್ಣು ಹಿಡಿದುಕೊಂಡೇ ಕಾದರು. ಅತ್ತ ಊರಿನಲ್ಲಿ ಒಂದು ಮಗ್ಗ ಶುರುವಾಯಿತು, ಅದರ ಹಿಂದೆ ಇನ್ನೊಂದು.