ಗಿರಾಕಿಯ ವಿಳಾಸ

ನವಲಗುಂದದಲ್ಲಿ ಇನ್ನೂ ಜಮಖಾನ ನೇಯುವ ಕೆಲವೇ ಮನೆಗಳಲ್ಲಿ ಸುಗರಾಬಿಯದೂ ಒಂದು. ಗೋಡೆಗೆ ಒರಗಿ ನಿಂತ ಮಗ್ಗದ ಮುಂದೆ ಕೂತು ನಲವತ್ತು ವರ್ಷಗಳಿಂದ ಅವಳು ನವಿಲು ನೇಯುತ್ತಿದ್ದಳು, ಪಗಡೆಯ ಪಟ ನೇಯುತ್ತಿದ್ದಳು. ಅದೇ ಓಣಿಯ ತುದಿಯಲ್ಲಿದ್ದ ವೃಂದಾ ಪಿಯು ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವಳು. ಸುಗರಾಬಿಯ ಜಮಖಾನಗಳ ಫೋಟೊ ತೆಗೆದು ‘ಮನೆಪೇಟೆ’ ಎಂಬ ದೊಡ್ಡ ಆನ್‌ಲೈನ್ ಮಾರಾಟದ ಆ್ಯಪಿಗೆ ಹಾಕಿಕೊಟ್ಟವಳು ಅವಳೇ.

ಮೂರು ವರ್ಷ ವ್ಯಾಪಾರ ಚೆನ್ನಾಗಿ ನಡೆಯಿತು. ಪುಣೆ, ಇಂದೂರು, ಕೋಲ್ಕತಾದಿಂದ ಬೇಡಿಕೆ ಬಂತು. ಒಮ್ಮೆ ಕೆಂಪು ನೂಲು ಸಿಗದೆ ಸುಗರಾಬಿ ನೀಲಿ ನೆಲದ ಮೇಲೆ ಹಿಂತಿರುಗಿ ನೋಡುವ ನವಿಲನ್ನು ನೇಯ್ದಳು. ಯಾರೂ ಕೇಳಲಿಕ್ಕಿಲ್ಲ ಅಂದುಕೊಂಡಿದ್ದಳು. ಎಲ್ಲಕ್ಕಿಂತ ಹೆಚ್ಚು ಮಾರಾಟವಾಗಿ ಹೋದದ್ದು ಅದೇ.

ನಾಲ್ಕನೆಯ ವರ್ಷ ಬೇಡಿಕೆ ಇದ್ದಕ್ಕಿದ್ದಂತೆ ಇಳಿಯಿತು. ಏನಾಗಿದೆಯೆಂದು ವೃಂದಾ ಹುಡುಕಿ ನೋಡಿದಾಗ ಮೊದಲ ಸಾಲಿನಲ್ಲೇ ಮನೆಪೇಟೆಯವರ ಸ್ವಂತ ಮಾಲು ಕಂಡಿತು. ಯಂತ್ರದಲ್ಲಿ ನೇಯ್ದ ಜಮಖಾನ, ನೀಲಿ ನೆಲ, ಹಿಂತಿರುಗಿ ನೋಡುವ ನವಿಲು, ಅಳತೆಯೂ ಅದೇ. ಸುಗರಾಬಿಯದು ನಾಲ್ಕನೆಯ ಪುಟಕ್ಕೆ ಹೋಗಿತ್ತು. ವೃಂದಾ ದೂರು ಬರೆದಳು; ಯಂತ್ರ ಬರೆದಂಥ ಉತ್ತರ ಬಂತು. ಸಿಟ್ಟಿನಿಂದ ಬೇರೊಂದು ಜಾಲತಾಣದಲ್ಲಿ ಪುಟ ತೆರೆದು ಸ್ವಲ್ಪ ಅಗ್ಗದ ದರ ಹಾಕಿದಳು. ಎರಡೇ ದಿನದಲ್ಲಿ ಮನೆಪೇಟೆಯಿಂದ ಎಚ್ಚರಿಕೆ ಬಂತು: ಬೇರೆ ಕಡೆ ಕಡಿಮೆ ದರಕ್ಕೆ ಮಾರಿದರೆ ಇಲ್ಲಿ ಜಾಗವಿಲ್ಲ. ವೃಂದಾ ಆ ಪುಟವನ್ನು ಮುಚ್ಚಿದಳು.

ಅದೇ ಹೊತ್ತಿಗೆ, ಇಂಥ ದೊಡ್ಡ ಕಂಪನಿಗಳ ನಡವಳಿಕೆ ಪರಿಶೀಲಿಸುತ್ತಿದ್ದ ಸರಕಾರಿ ಆಯೋಗವೊಂದು ಸಣ್ಣ ಮಾರಾಟಗಾರರ ಹೇಳಿಕೆ ಪಡೆಯಲು ಹುಬ್ಬಳ್ಳಿಗೆ ಬರುವ ಸುದ್ದಿ ಪತ್ರಿಕೆಯಲ್ಲಿ ಬಂತು.

“ಹೆಸರು ಹೇಳದೇನೂ ಹೇಳಿಕೆ ಕೊಡಬಹುದಂತ, ಚಾಚಿ,” ಎಂದಳು ವೃಂದಾ. “ಹೆಸರು ಗೊತ್ತಾದ್ರ ಇರೋ ನಾಲ್ಕನೇ ಪುಟಾನೂ ಹೋದೀತು.”

“ಹೆಸರಿಲ್ಲದ ಮಾತು ಯಾರು ಕೇಳ್ತಾರ ಅಕ್ಕಾರ? ನನ್ನ ಹೆಸರ ಬರಸ್ರಿ,” ಎಂದಳು ಸುಗರಾಬಿ.

ಹುಬ್ಬಳ್ಳಿಯ ಕಚೇರಿಯಲ್ಲಿ ಹೇಳಿಕೆ ಬರೆದುಕೊಂಡವನು ಹೇಮಂತ ಎಂಬ ನಡುವಯಸ್ಸಿನ ಅಧಿಕಾರಿ. ಅವನ ಮಾತೂ ಧಾರವಾಡದ ಕಡೆಯದೇ. “ನಿಮ್ಮ ನವಿಲು ಕದ್ದಾರ ಅನ್ನೋದು ನಿಮ್ಮ ದೂರು, ಹೌದಲ್ರಿ?” ಎಂದು ಕೇಳಿದ.

ಹೌದು ಅನ್ನಬೇಕೆಂದು ವೃಂದಾ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಳು. ಸುಗರಾಬಿ, “ನವಿಲು ನಂದಲ್ರಿ ಸಾಹೇಬ್ರ,” ಎಂದಳು. “ನಮ್ಮ ಅತ್ತಿ ಕಲಿಸಿದ್ದು. ಆಕಿಗೆ ಯಾರು ಕಲಿಸಿದ್ರೋ.”

ವೃಂದಾ ತಲೆ ತಗ್ಗಿಸಿದಳು. ಹೇಮಂತ ಪೆನ್ನು ಕೆಳಗಿಟ್ಟ. “ಹಂಗಾರ ದೂರೇನು?”

“ನೀಲಿ ಹೋಗ್ತೈತಿ ಅನ್ನೂದು ಅವರಿಗೆ ಹೆಂಗ ಗೊತ್ತಾತು? ಮೂರು ವರ್ಷ ನಾ ಹತ್ತು ಥರ ನೇಯ್ದು ನೇಯ್ದು ನೋಡೀನ್ರಿ. ಯಾವುದು ಹೋಗ್ತೈತಿ, ಯಾವ ಊರಿಗೆ ಹೋಗ್ತೈತಿ, ಎಲ್ಲಾ ಅವರು ನೋಡ್ಕೋತ ಕುಂತ್ರು. ಹೋಗದಿದ್ದದ್ದು ನನ್ನ ಮನ್ಯಾಗ ಉಳೀತು. ಹೋಗಿದ್ದನ್ನ ಅವರು ತಗೊಂಡ್ರು.” ಅವಳು ಸೆರಗು ಸರಿಮಾಡಿಕೊಂಡಳು. “ಗಿರಾಕಿ ಯಾರಂತ ಅವರಿಗೆ ಗೊತ್ತು, ನನಗ ಗೊತ್ತಿಲ್ಲ. ಅಂಚು ಬಿಟ್ಟೈತಿ ಅಂತ ಒಬ್ಬಾಕಿ ಆ್ಯಪಿನಾಗ ಬರದಿದ್ಲು. ನನ್ನ ಕಡೆ ಕಳಿಸಿದ್ರ ಅರ್ಧ ತಾಸಿನ ಕೆಲಸ. ಆಕಿಗೆ ಹೇಳಾಕ ನನಗ ದಾರಿನ ಇಲ್ಲ.”

“ಆ ಆ್ಯಪ್ ಬಂದ್ ಮಾಡಿಸಬೇಕಂತೀರೇನು?”

“ಬ್ಯಾಡ್ರಿ. ಅದು ಇಲ್ದಿದ್ರ ನನ್ನ ಜಮಖಾನ ಕೋಲ್ಕತಾ ಕಾಣ್ತಿದ್ದಿಲ್ಲ. ಸಂತಿ ಅವರ ನಡಸ್ಲಿ. ಆದ್ರ ಸಂತಿ ನಡಸಾವ್ರು ತಾವೂ ಅಂಗಡಿ ಹಚ್ಚಿದ್ರ, ನಮ್ಮ ಅಂಗಡಿ ಮುಂದ ಪರದೆ ಕಟ್ಟಬಾರ್ದು. ಅಷ್ಟರೀ.”

ಹೇಮಂತ ಮತ್ತೆ ಪೆನ್ನು ತೆಗೆದುಕೊಂಡು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡ.

ಇಬ್ಬರೂ ಬಸ್ಸಿನಲ್ಲಿ ನವಲಗುಂದಕ್ಕೆ ಹೊರಟರು. ಊರು ಸಮೀಪಿಸಿದಾಗ ವೃಂದಾ, “ನವಿಲಿನ ಮಾತು ಬಿಡಬಹುದಿತ್ತು ಚಾಚಿ. ಕೇಸು ಗಟ್ಟಿ ಆಗ್ತಿತ್ತು,” ಎಂದಳು.

“ನವಿಲು ನಂದ ಅಂತ ಬರಸಿದ್ರ, ನಾಳೆ ಬಾಜೂ ಮನಿ ಹುಡುಗಿ ನವಿಲು ನೇಯಾಕ ಕುಂತಾಗ ಏನನ್ಲಿ? ನಂದೈತಿ, ಏಳು ಅನ್ಲೇನು?”

ವೃಂದಾ ಕಿಟಕಿಯಾಚೆಯ ಹತ್ತಿಯ ಹೊಲಗಳನ್ನು ನೋಡುತ್ತ ಕೂತಳು. ಗೆಲ್ಲಲು ತಾನು ಹುಡುಕಿದ್ದ ‘ನವಿಲು ನಮ್ಮದು’ ಎಂಬ ಆಯುಧ ನಾಳೆ ಯಾರ ಕೈಗೆ ಹೋಗಬಹುದಿತ್ತು ಎಂಬುದು ಅಲ್ಲಿಯವರೆಗೆ ಅವಳಿಗೆ ಹೊಳೆದಿರಲಿಲ್ಲ. ಬೇಲಿ ಹಾಕುವುದು ಬೇರೆ, ಎಲ್ಲರೂ ನಡೆಯುವ ದಾರಿಯನ್ನು ತೆರೆದಿಡುವುದು ಬೇರೆ. ತರಗತಿಯಲ್ಲಿ ಪೈಪೋಟಿಯ ಪಾಠವನ್ನು ಅವಳು ಎಷ್ಟೋ ಸಲ ಮಾಡಿದ್ದಳು. ಇದನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ.

ಮರುವಾರ ಸುಗರಾಬಿಯ ಜಮಖಾನಗಳೆಲ್ಲ ಆ್ಯಪಿನಿಂದ ಮಾಯವಾದವು. ‘ಗುಣಮಟ್ಟದ ಪರಿಶೀಲನೆ’ ಎಂಬ ಒಂದು ಸಾಲಿನ ಪತ್ರ ಬಂತು. ವೃಂದಾ ಅದನ್ನು ಹಿಡಿದುಕೊಂಡು ಬಂದು, “ನನ್ನಿಂದ ಆತು, ಚಾಚಿ,” ಎಂದಳು. ಸುಗರಾಬಿಯ ಮುಖ ಬಾಡಿತು. ಆ ದಿನ ಅವಳು ಮಗ್ಗದ ಮುಂದೆ ಕೂರಲಿಲ್ಲ. ಮರುದಿನ ಬೆಳಿಗ್ಗೆ, “ನಿಮ್ಮಿಂದ ಅಲ್ಲ, ನನ್ನ ಹೆಸರಿನಿಂದ. ಹೆಸರು ಕೊಟ್ಟಾಕಿ ನಾನು,” ಎಂದು ಹೇಳಿ ಕಳಿಸಿದಳು. ಆ ಮಳೆಗಾಲವೆಲ್ಲ ಹುಬ್ಬಳ್ಳಿ, ಧಾರವಾಡದ ಪ್ರದರ್ಶನಗಳಿಗೆ ಗಂಟು ಹೊತ್ತು ಓಡಾಡಿದಳು. ನೇಯ್ದದ್ದರಲ್ಲಿ ಅರ್ಧ ಮನೆಗೆ ವಾಪಸು ಬಂತು.

ವೃಂದಾ ಆ ಪತ್ರವನ್ನು ಹೇಮಂತನಿಗೆ ಕಳಿಸಿದ್ದಳು. ಹೇಳಿಕೆ ಕೊಟ್ಟ ಮೇಲೆ ಇಂಥದೇ ಪತ್ರ ಇನ್ನೂ ಹದಿನೇಳು ಮಂದಿಗೆ ಬಂದಿತ್ತು. ಎಲ್ಲದರಲ್ಲೂ ಅದೇ ಸಾಲು. ಕಂಪನಿಯ ವಿರುದ್ಧ ಎಲ್ಲಕ್ಕಿಂತ ಬಲವಾಗಿ ನಿಂತದ್ದು ಆ ಹದಿನೆಂಟು ಪತ್ರಗಳೇ.

ಆಯೋಗದ ಆದೇಶ ಬರಲು ಒಂದೂವರೆ ವರ್ಷ ಹಿಡಿಯಿತು. ತೆಗೆದ ಮಾಲನ್ನೆಲ್ಲ ತಿರುಗಿ ಹಾಕಬೇಕು. ಮಾರಾಟಗಾರರ ವ್ಯಾಪಾರದ ವಿವರ ನೋಡಿ ಕಂಪನಿ ತನ್ನ ಮಾಲು ಮಾಡಕೂಡದು. ಹುಡುಕಿದಾಗ ತನ್ನ ಮಾಲನ್ನೇ ಮೇಲೆ ತೋರಿಸಕೂಡದು. ಬೇರೆ ಕಡೆ ಯಾವ ದರಕ್ಕೆ ಮಾರಬೇಕೆಂದು ಹೇಳಕೂಡದು. ಮಾರಾಟಗಾರರು ಪಾರ್ಸಲಿನೊಳಗೆ ತಮ್ಮ ಫೋನ್ ನಂಬರಿನ ಚೀಟಿ ಇಡಬಹುದು. ಕಂಪನಿ ಮೇಲ್ಮನವಿ ಹಾಕಿತು. ಆದರೂ ಮಾಲನ್ನು ತಿರುಗಿ ಹಾಕಿತು, ವಿವರ, ದರ, ಚೀಟಿಯ ಮಾತಿಗೂ ಒಪ್ಪಿತು. ಹುಡುಕಿದಾಗ ಯಾರ ಮಾಲು ಮೇಲೆ ಬರಬೇಕೆಂಬ ಪ್ರಶ್ನೆ ಮಾತ್ರ ಕೋರ್ಟಿನಲ್ಲಿ ಉಳಿಯಿತು. ಕಂಪನಿಯ ಜಮಖಾನ ಈಗಲೂ ಮೊದಲ ಸಾಲಿನಲ್ಲೇ ಇದೆ. ಸುಗರಾಬಿಯ ವ್ಯಾಪಾರ ಮೊದಲಿನ ಅರ್ಧಕ್ಕೆ ಬಂದು ನಿಂತಿದೆ.

ಚೀಟಿ ಇಡಲು ಶುರುಮಾಡಿದ ಹದಿನೈದು ದಿನಕ್ಕೆ ಇಂದೂರಿನಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಸುಗರಾಬಿ ಹಿಂದಿಯಲ್ಲಿ ಅವಳ ಜೊತೆ ಇಪ್ಪತ್ತು ನಿಮಿಷ ಮಾತಾಡಿದಳು. ನೆಲದ ಮೇಲೆ ಹಾಸಿದ್ದಾರೋ, ಮಂಚದ ಮೇಲೋ, ಬಿಸಿಲು ಬೀಳುತ್ತದೋ, ಮನೆಯಲ್ಲಿ ಎಷ್ಟು ಜನ, ಎಲ್ಲ ಕೇಳಿದಳು. ಅಷ್ಟರಲ್ಲಿ ಬಂದ ವೃಂದಾ ಬಾಗಿಲಲ್ಲೇ ನಿಂತಳು.

“ತಂಗಿ ಮನಿಗೆ ಇನ್ನೊಂದು ಬೇಕಂತ,” ಎಂದಳು ಸುಗರಾಬಿ, ಫೋನ್ ಕೆಳಗಿಟ್ಟು. “ಹಾಲ್ ಉದ್ದ ಐತಂತ. ನವಿಲು ಬ್ಯಾಡ, ಪಗಡಿ ಪಟ ಹಾಕು ಅಂದ್ಲು.”

“ಮೇಲ್ಮನವಿಗೆ ಇನ್ನೊಂದು ಹೇಳಿಕೆ ಕೇಳ್ಯಾರ ಚಾಚಿ. ಕೊಡೋದೇನು?”

“ಕೊಡೂಣು. ಕುಂದರ್ರಿ, ಮೊದಲ ಈ ಅಳತಿ ಬರಕೋರಿ, ಮರತೇನು.”

ವೃಂದಾ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತು, ಸುಗರಾಬಿ ಹೇಳಿದ ಉದ್ದ ಅಗಲವನ್ನೂ ಇಂದೂರಿನ ವಿಳಾಸವನ್ನೂ ಬರೆದುಕೊಂಡಳು.