ಬಿಳಿಗಾಳಿ

ಅಕ್ಕ ದರ್ಜಿ, ನಾನು ಗಡಿಯಾರ ರಿಪೇರಿಯವನು. ಪ್ರತಿ ಭಾನುವಾರ ಮಧ್ಯಾಹ್ನ ಅವಳ ಅಂಗಡಿಯಲ್ಲಿ, ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಕಾರ್ಡಿನ ಆಟ ಆಡುತ್ತೇವೆ. ಇಬ್ಬರ ತಲೆಯೂ ನರೆತಿದೆ. ಆಟ ಮಾತ್ರ ಡ್ರ್ಯಾಗನ್ನು, ಮಾಟಗಾತಿಯರದು. ವಾರಕ್ಕೆ ತಲಾ ಒಂದೇ ನಡೆ, ಕೈಯಿಂದ ಹೊಸ ಕಾರ್ಡು ಇಡುವಾಗ ಅದರ ಹೆಸರು ಹೇಳುವಂತಿಲ್ಲ. ಇದು ಮೂರು ವರ್ಷದ ಕೆಳಗೆ ಅಕ್ಕ ಮಾಡಿದ ಕಟ್ಟಳೆ. ಅಂದು ಶುರುವಾದ ಆಟ ಇನ್ನೂ ಮುಗಿದಿಲ್ಲ. ಎರಡೂ ಕಡೆ ಸೇರಿ ಇಪ್ಪತ್ತಾರು ಕಾರ್ಡಿನ ಪ್ರಾಣಿಗಳು ಅಲ್ಲೇ ಸಂಸಾರ ಹೂಡಿವೆ. ಕಿಟಕಿಯ ಬಿಸಿಲು ಅವುಗಳ ಮೇಲೆ ಹಾದುಹೋಗುವಾಗ ಒಂದೊಂದೇ ರೆಕ್ಕೆ ಅಲುಗುತ್ತದೆ, ದೂರದಲ್ಲೆಲ್ಲೋ ಒಂದು ಕಾಡು ಉಸಿರಾಡುತ್ತದೆ. ಹೇಳಿದರೆ ಅಕ್ಕ ನಗುತ್ತಾಳೆಂದು ಹೇಳುವುದಿಲ್ಲ.

ನನ್ನ ಕೈಯಲ್ಲಿ ಮೊದಲಿನಿಂದಲೂ ಬಿಳಿಗಾಳಿ ಎಂಬ ಕಾರ್ಡಿತ್ತು. ಅದನ್ನಿಟ್ಟರೆ ನನ್ನವು ಅವಳವು ಎನ್ನದೆ ಎಲ್ಲ ಪ್ರಾಣಿಗಳೂ ಆಟದಿಂದ ಹೊರಗೆ. ಸೋಲುವವನ ಕಾರ್ಡು ಅದು. ನಾನೋ, ಇನ್ನೆರಡು ವಾರದಲ್ಲಿ ಗೆಲ್ಲುವವನಿದ್ದೆ. ಜನ್ಮದಲ್ಲಿ ಅಕ್ಕನನ್ನು ಗೆದ್ದಿರುವುದು ಎರಡೇ ಸಲ.

ಆ ಭಾನುವಾರ ಅವಳು ಒಳಗೆ ಚಹಾ ಮಾಡುತ್ತಿದ್ದಾಗ ಮೇಜಿನ ಧೂಳು ಒರೆಸಿದೆ. ಒರೆಸುವ ಭರದಲ್ಲಿ ಅವಳ ಡ್ರ್ಯಾಗನ್ನನ್ನೂ ಕೆಸರುಗಪ್ಪೆಯನ್ನೂ ಗೊತ್ತಿಲ್ಲದೆ ಅದಲು ಬದಲು ಇಟ್ಟುಬಿಟ್ಟೆ. ಅಕ್ಕ ಬಂದು ಕೂತವಳೇ ಕಪ್ಪೆಯ ಮೇಲೆ ಬೆರಳಿಟ್ಟು, ನನ್ನ ಡ್ರ್ಯಾಗನ್ನು ನಿನ್ನ ಕೋಟೆಗೆ ನುಗ್ಗಿತು ಎಂದಳು.

ಮೋಸ ಎಂದುಕೊಂಡೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಹೊಲಿಗೆ ಯಂತ್ರದ ಪಕ್ಕದ ಸೂಜಿದಿಂಬು ಕಂಡಿತು. ಹದಿನಾಲ್ಕು ಸೂಜಿ, ಹದಿನಾಲ್ಕಕ್ಕೂ ಯಾರ ಕೈಯಲ್ಲೋ ದಾರ ಹಾಕಿಸಿಟ್ಟುಕೊಂಡಿದ್ದಳು. ಕತ್ತಲಲ್ಲೂ ಪೋಣಿಸುತ್ತೇನೆಂದು ಜಂಬ ಕೊಚ್ಚಿದವಳು ಅವಳು. ಪಕ್ಕದಲ್ಲೇ ನನ್ನ ಹಳೆಯ ಭೂತಗನ್ನಡಿ. ವಾರಕ್ಕೆ ಒಂದೇ ನಡೆ ಯಾಕೆಂದು ಆಗ ತಿಳಿಯಿತು. ನಾನು ಹೋದ ಮೇಲೆ ವಾರವಿಡೀ ಮೇಜಿಗೆ ಮೂಗು ತಾಗಿಸಿ, ಇಪ್ಪತ್ತಾರರ ಜಾಗವನ್ನೂ ಬಾಯಿಪಾಠ ಮಾಡುತ್ತಿದ್ದಳು.

ಕೇಳುವಂತಿರಲಿಲ್ಲ. ಯಾರಾದರೂ ಅಯ್ಯೋ ಪಾಪ ಎಂದರೆ ಅಕ್ಕನಿಗೆ ಮೈಯೆಲ್ಲ ಉರಿ. ಆಟ ಬಿಟ್ಟು ಬಾಗಿಲು ಹಾಕಿಕೊಳ್ಳುವವಳೇ. ಭಾನುವಾರವೂ ಇಲ್ಲದಿದ್ದರೆ ನನಗೆ ಇನ್ನೇನಿದೆ? ನಿಜಕ್ಕೂ ಹೆದರಿದೆ. ನಾನು ಸುಮ್ಮನೆ ಬಿಟ್ಟರೂ, ಆಮೇಲೆ ಭೂತಗನ್ನಡಿ ಹಿಡಿದಾಗ ತಪ್ಪು ಅವಳಿಗೇ ಕಾಣುತ್ತಿತ್ತು. ಗೆಲುವು ಹಾಳಾಗಿ ಹೋಗಲಿ ಎಂದು ಕಾರ್ಡನ್ನು ನಡುವೆ ಇಟ್ಟು, ಕಟ್ಟಳೆ ಮುರಿದು, "ಬಿಳಿಗಾಳಿ," ಎಂದೆ.

ಪ್ರಾಣಿಗಳನ್ನು ಒಂದೊಂದಾಗಿ ಎತ್ತಿದೆ. ಸುತ್ತಲಿನ ಬಟ್ಟೆ ಬಿಸಿಲಿಗೆ ಮಾಸಿತ್ತು. ಅವು ಮಲಗಿದ್ದ ಜಾಗ ಮಾತ್ರ ಹೊಸ ಹುಲ್ಲಿನಷ್ಟು ಹಸಿರಾಗಿತ್ತು. ಆ ಇಪ್ಪತ್ತಾರು ಹಸಿರು ಚೌಕಗಳ ಮೇಲೆ ತಣ್ಣನೆಯ ಗಾಳಿಯೊಂದು ಸುಳಿದು ಹೋಯಿತೆಂದು ಇವತ್ತಿಗೂ ನಂಬುತ್ತೇನೆ.

"ಸೋಲ್ತೀನಿ ಅಂತ ಒರೆಸಿಬಿಟ್ಯಾ?" ಎಂದಳು ಅಕ್ಕ.

"ಹೂಂ."

"ಸುಳ್ಳು. ಗೆಲ್ತಾ ಇದ್ದೋನು ನೀನು."

ಅಂಗೈಯಿಂದ ಬರಿ ಮೇಜನ್ನು ಬಹಳ ಹೊತ್ತು ಸವರಿದಳು. ನಾನು ತಲೆ ಎತ್ತಲಿಲ್ಲ. ಚಹಾ ಆರಿಹೋಯಿತು.

"ಮುಂದಿನ ವಾರ ನೀನೇ ಮೊದಲು ಇಡು," ಎಂದಳು ಕಡೆಗೆ. "ಇಡೋವಾಗ ಹೆಸರು ಹೇಳು."