ಹಿಂದಿನ ಬೆಂಚು

"ಮುಂದಿನ ಸೀಟು ಬಿಡಿ ದೋನ್ ಎವೆಲಿಯೋ, ಬಸುರಿ ಬಂದಿದಾಳೆ," ಎಂದು ದೋನ್ಯಾ ಬೆರ್ತಿಲ್ದಾ ಕೊಡೆಯ ಹಿಡಿಯಿಂದ ಜೀಪಿನ ಬಾನೆಟ್ಟನ್ನು ಬಡಿದಳು.

ಎವೆಲಿಯೋ ಕದಲಲಿಲ್ಲ. ಎಡಗಣ್ಣಿಗೆ ಆಸ್ಪತ್ರೆಯವರು ಅಂಟಿಸಿದ, ಆಚೆ ಕಾಣುವ ತೆಳು ಪ್ಲಾಸ್ಟಿಕ್ ಮುಚ್ಚಳ, ತಲೆಯ ಮೇಲೆ ಬಿಳಿ ಹ್ಯಾಟು, ಹೆಗಲ ಮೇಲೆ ಇಸ್ತ್ರಿ ಮಾಡಿದ ಪೋಂಚೋ. ಗಾಡಿ ಇನ್ನೂ ಚೌಕದಲ್ಲಿ ನಿಂತೇ ಇತ್ತು, ಆದರೂ ಅವನ ಬಲಗಾಲು ಆ ಕಡೆ ಇಲ್ಲದ ಬ್ರೇಕನ್ನು ಆಗಲೇ ಹುಡುಕುತ್ತಿತ್ತು.

"ಇದು ನನ್ನ ಜೀಪು."

"ಜೀಪು ನಿಮ್ದೇ, ಯಾರು ಇಲ್ಲ ಅಂದ್ರು? ಬಸಿರು ಅವಳ್ದು. ಇಳೀರಿ."

ಮುಂದಿನ ಸೀಟು ಬಸುರಿಯರಿಗೆ, ಇಲ್ಲವಾದರೆ ಪಾದ್ರಿಗಳಿಗೆ. ಸಾನ್ ಇಸಿದ್ರೋದ ಚೌಕದಿಂದ ಬೆಟ್ಟ ಹತ್ತುವ ಎಲ್ಲ ಜೀಪುಗಳಿಗೂ ಇದೇ ಕಟ್ಟಳೆ. ಈ ಕಟ್ಟಳೆಯನ್ನು ಎಲ್ಲರಿಗಿಂತ ಜೋರಾಗಿ ನಡೆಸಿಕೊಂಡು ಬಂದವನು ಎವೆಲಿಯೋನೇ. ಒಮ್ಮೆ ನಗರಸಭೆಯ ಅಧ್ಯಕ್ಷನನ್ನೇ ಇಳಿಸಿದ್ದ.

ಆದರೆ ಮಗಳು ನೋರಾಲ್ಬಾ ಅಡ್ಡ ಬಂದಳು. ಮೇಲಿನ ಕಂಬಿಗೆ ಯಾರದೋ ಹೊಸ ಹಾಸಿಗೆ ಕಟ್ಟುತ್ತಿದ್ದವಳು ಹಗ್ಗ ಬಿಟ್ಟು ಕೆಳಗೆ ಧುಮುಕಿ, "ಅಪ್ಪ ಮುಂದೇನೇ ಇರ್ಲಿ ಬಿಡಿ. ನಡುವೆ ಸ್ವಲ್ಪ ಜಾಗ ಮಾಡಿದ್ರೆ ಅವಳೂ ಕೂತ್ಕೊತಾಳೆ," ಎಂದಳು.

"ನಡುವೆ ಗೇರಿನ ಕೋಲುಗಳಿವೆ. ಹೊಟ್ಟೆ ಎಲ್ಲಿಡ್ತಾಳೆ, ಬಾನೆಟ್ ಮೇಲಾ?" ಎಂದಳು ಬೆರ್ತಿಲ್ದಾ.

ಎವೆಲಿಯೋಗೆ ಅನುಮಾನ ಬಂತು. ಬೆಳಗಿನಿಂದ, ಮನೇಲೇ ಇರಿ ಎಂದು, ತನ್ನನ್ನು ಆ ಸೀಟಿನಿಂದ ಎಬ್ಬಿಸಲು ನೋಡುತ್ತಿದ್ದವಳು ಈ ನೋರಾಲ್ಬಾ. ಈಗ ಕೂತಿರಲಿ ಎನ್ನುತ್ತಾಳೆ! ಅವನು ತಟ್ಟನೆ ಇಳಿದು ಹಿಂದಕ್ಕೆ ಹೋದ.

ಆ ದಿನದ ಪಯಣಕ್ಕೆ ಒಂದು ಪಂದ್ಯದ ಕಳೆ ಇತ್ತು. ಎವೆಲಿಯೋನ ಬಲಗಣ್ಣು ಹೋಗಿ ವರ್ಷಗಳಾಗಿದ್ದವು. ಎಡಗಣ್ಣಿನ ಪೊರೆ ತೆಗೆದ ಡಾಕ್ಟರು, ಇದು ಕಾಫಿ ಹಣ್ಣು ಆರಿಸುವುದಕ್ಕೆ ಸಾಕು, ಬೆಟ್ಟದ ದಾರಿಗೆ ಸಾಲದು ಎಂದುಬಿಟ್ಟಿದ್ದರು. ಅವನು ಮನೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ವಾರಗಳಲ್ಲಿ ಜೀಪು ಓಡಿಸಿದವಳು ನೋರಾಲ್ಬಾ. ಮುಂದೇನು ಎನ್ನುವುದು ಬಾಕಿ ಇತ್ತು. ಹೆದ್ದಾರಿಯ ಪಕ್ಕದ ಹೊಸ ಹೋಟೆಲಿನ ಯಜಮಾನ ಜೀಪು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಎಂಜಿನ್ನು ಕಿತ್ತು, ಗೇಟಿನ ಮುಂದೆ ನಿಲ್ಲಿಸಿ, ಹಿಂಬದಿಗೆ ಮಣ್ಣು ತುಂಬಿ ಜೆರೇನಿಯಂ ನೆಡುತ್ತಾನಂತೆ. ಪ್ರವಾಸಿಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಸಂಜೆ ಉತ್ತರ ಕೇಳಲು ಬರುವವನಿದ್ದ.

"ನಾನು ಓಡಿಸ್ತಾ ಇಲ್ವಾ ಅಪ್ಪ? ಹೂಕುಂಡ ಯಾಕೆ ಮಾಡ್ತೀರಿ?" ಎಂದು ನೋರಾಲ್ಬಾ ಬೆಳಿಗ್ಗೆ ಅರೆಪಾ ರೊಟ್ಟಿ ಸುಡುತ್ತಾ ಕೇಳಿದ್ದಳು.

"ಓಡಿಸೋದು ಕತ್ತೆಗೂ ಬರುತ್ತೆ. ಕೇಳಿಸ್ಕೊಳ್ಳೋದು ಬರಬೇಕು. ನಿನ್ನ ತಾತನ ಕಾಲದ ಗಾಡಿ ಇದು. ಇಷ್ಟು ವರ್ಷ ಉಳಿದಿರೋದು ನನ್ನ ಕೈಯಿಂದ ಅಲ್ಲ, ಕಿವಿಯಿಂದ. ಒಂದು ತಪ್ಪು ಸದ್ದು ಬರೋದಕ್ಕೆ ನಾನು ಬಿಟ್ಟಿಲ್ಲ. ಇವತ್ತು ಒಂದು ಸಲ ಜೊತೆಗೆ ಬರ್ತೀನಿ. ಕೆಟ್ಟ ಸದ್ದು ಒಂದೇ ಒಂದು ಕೇಳಿಸ್ಲಿ, ಹೋಟೆಲಿನವನಿಗೆ ಹೂಂ ಅಂದ್ಬಿಡ್ತೀನಿ."

"ಕೇಳಿಸದೆ ಇದ್ರೆ?"

"ಆಮೇಲೆ ನೋಡೋಣ."

ಈ ಮಾತು ಅವರ ಅಡುಗೆಮನೆ ಬಿಟ್ಟು ಹೇಗೆ ಹೊರಟಿತೋ, ಚೌಕದಲ್ಲಿ ಬೂಟು ಉಜ್ಜುವವನಿಗೂ ಗೊತ್ತಾಗಿತ್ತು.

ಹಿಂದಿನ ಬೆಂಚಿನ ಮೇಲೆ ಎವೆಲಿಯೋ ಇದೇ ಮೊದಲ ಬಾರಿ ಕೂತದ್ದು. ಎದುರಿಗೆ ಬೆರ್ತಿಲ್ದಾ, ಅವಳ ಮಡಿಲಲ್ಲಿ ಕಾಲು ಕಟ್ಟಿದ ಕೋಳಿ. ಪಕ್ಕದಲ್ಲಿ ಗಿಲ್ದಾರ್ದೋ, ಕಾಫಿ ತೋಟದ ಕೂಲಿ, ಸಂತೆಯ ಶನಿವಾರ ಮಧ್ಯಾಹ್ನದೊಳಗೇ ಹದವಾಗಿ ಏರಿಸಿಕೊಂಡವನು. ಕಾಲ ಕೆಳಗೆ ಗೊಬ್ಬರದ ಮೂಟೆಗಳು, ಒಂದು ಗ್ಯಾಸ್ ಸಿಲಿಂಡರು, ಮಧ್ಯೆ ಯಾರದೋ ಮೊಣಕಾಲು. ಹಿಂದಿನ ಮೆಟ್ಟಿಲ ಮೇಲೆ ಮೂವರು ಜೋತಾಡುತ್ತಿದ್ದರು. ಜನ ತನ್ನನ್ನು ಒಂಥರಾ ನೋಡುತ್ತಿದ್ದಾರೆ ಅನಿಸಿತು ಅವನಿಗೆ, ಸಾವಿನ ಮನೆಯಲ್ಲಿ ಇನ್ನೂ ಸುದ್ದಿ ಗೊತ್ತಿಲ್ಲದವನನ್ನು ನೋಡುವ ಹಾಗೆ.

ಜೀಪು ಹೊರಟಿತು. ಎವೆಲಿಯೋ ಇದ್ದ ಕಣ್ಣನ್ನೂ ಮುಚ್ಚಿ ಕಿವಿಗೊಟ್ಟ. ಕ್ಲಚ್ಚು ಮೆತ್ತಗೆ ಹಿಡಿಯಿತು. ಎರಡನೇ ಗೇರು ಚೂರೂ ಗೊಣಗದೆ ಬಿತ್ತು. ಸೇತುವೆಯ ಹಲಗೆಗಳ ಮೇಲೆ ಅವಳು ಬ್ರೇಕು ಮುಟ್ಟಲಿಲ್ಲ, ಸರಿ. ಊರು ದಾಟಿ ಮಣ್ಣಿನ ದಾರಿ ಸಿಕ್ಕಾಗ ನಿಲ್ಲಿಸಿ ಮುಂದಿನ ಚಕ್ರಗಳಿಗೂ ಗೇರು ಕೂಡಿಸಿದಳು, ಅದೂ ಸರಿ. ಅವನಿಗೆ ಒಳಗೊಳಗೇ ಸ್ವಲ್ಪ ಬೇಸರವಾಯಿತು.

ಮೊದಲ ಬಲತಿರುವಿಗೆ ಬೆರ್ತಿಲ್ದಾ ಇದ್ದಕ್ಕಿದ್ದಂತೆ, "ನಮೋ ಮರಿಯಾ!" ಎಂದು ಕೂಗಿದಳು. ಗಾಡಿಯೆಲ್ಲ ಅವಳಿಗೆ ಓಗೊಟ್ಟಿತು. ಕೋಳಿಯೂ ಬಿಡಲಿಲ್ಲ. ತಿರುವು ಮುಗಿಯಿತು, ಪ್ರಾರ್ಥನೆಯೂ ಮುಗಿಯಿತು.

"ಏನಾಯ್ತು?" ಎಂದ ಎವೆಲಿಯೋ.

"ಸತ್ತೋರ ನೆನಪಾಯ್ತು," ಎಂದಳು ಬೆರ್ತಿಲ್ದಾ.

ಎಡತಿರುವಿನಲ್ಲಿ ಯಾರಿಗೂ ಯಾರೂ ನೆನಪಾಗಲಿಲ್ಲ. ಮುಂದಿನ ಬಲತಿರುವಿಗೆ ಗಿಲ್ದಾರ್ದೋ ಎದೆ ತುಂಬಿ ಒಂದು ಪ್ರೇಮಗೀತೆ ಎತ್ತಿದ. ಅದರ ಮುಂದಿನದಕ್ಕೆ ಮೆಟ್ಟಿಲ ಮೇಲಿನ ಮೂವರಿಗೂ ಒಟ್ಟಿಗೆ ಕೆಮ್ಮು ಬಂತು. ಆಮೇಲೆ ಮತ್ತೆ ಮರಿಯಮ್ಮನ ಸರದಿ.

"ಬಲಗಡೆ ತಿರುಗಿದಾಗ ಮಾತ್ರ ಭಕ್ತಿ ಬರುತ್ತಾ ನಿಮಗೆ?"

"ಆ ಕಡೆ ಪ್ರಪಾತ ಇದೆ ದೋನ್ ಎವೆಲಿಯೋ," ಎಂದ ಗಿಲ್ದಾರ್ದೋ ಗಂಭೀರವಾಗಿ.

"ಪ್ರಪಾತ ಎಡಗಡೆ ಇದೆ ಕಣೋ ಕುಡುಕ."

ಎಷ್ಟಾದರೂ ಮನುಷ್ಯರು, ಉಸಿರು ಎಳೆದುಕೊಳ್ಳಲೇಬೇಕು. ಶಿಲುಬೆಕಲ್ಲಿನ ಹತ್ತಿರದ ತಿರುವು ಉದ್ದವಾದದ್ದು. ಅದರ ನಡುವೆ ಬೆರ್ತಿಲ್ದಾಳ ಉಸಿರು ಮುಗಿಯಿತು, ಗಿಲ್ದಾರ್ದೋಗೆ ಹಾಡಿನ ಮುಂದಿನ ಸಾಲು ಮರೆಯಿತು. ಆ ಬಿರುಕಿನಲ್ಲಿ, ಎವೆಲಿಯೋ ಕೂತಿದ್ದ ಬೆಂಚಿನ ಕೆಳಗಿನಿಂದಲೇ, ಸದ್ದು ಬಂತು. ಹಳೆಯ ಬಾಗಿಲು ಮೆಲ್ಲಗೆ ತೆರೆದು, ಯೋಚನೆ ಬದಲಿಸಿ, ಮುಚ್ಚಿಕೊಂಡ ಹಾಗೆ. *ಕ್ಞೀ… ಟಕ್.*

ಎವೆಲಿಯೋ ಎದ್ದು ಮೇಲಿನ ಕಂಬಿಯನ್ನು ದಬದಬ ಬಡಿದ. ಏರಿನಲ್ಲಿ ನಿಲ್ಲಿಸುವ ತಪ್ಪನ್ನು ನೋರಾಲ್ಬಾ ಮಾಡಲಿಲ್ಲ. ಇನ್ನಷ್ಟು ಬಡಿದ. ಅವಳು ಸಮತಟ್ಟು ಸಿಗುವವರೆಗೆ ಹೋಗಿ, ಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಹಿಂದಕ್ಕೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಏನು ಮಾಡಿದೀಯ ನನ್ನ ಗಾಡಿಗೆ?"

"ಏನೂ ಮಾಡಿಲ್ಲ ಅಪ್ಪ."

"ಕಿವಿ ಇದ್ಯಾ ನಿನಗೆ? ಕಣ್ಣಿಗೆ ಪಟ್ಟಿ ಕಟ್ಕೊಂಡು ನಾಕು ದಿನ ಮಲಗಿದ್ದಕ್ಕೆ ಗಾಡೀನೇ ಮುರಿದಿಟ್ಟಿದೀಯಲ್ಲ! ಎಲ್ಲಾರೂ ಇಳೀರಿ!"

ಎಲ್ಲರೂ ಇಳಿದರು. ಪೋಂಚೋ ತೆಗೆದು ಬೆರ್ತಿಲ್ದಾಳ ಕೈಗಿತ್ತು, ಎವೆಲಿಯೋ ಜೀಪಿನ ಅಡಿಗೆ ತೂರಿದ. ಮಗಳನ್ನು ಕರೆದು ಹಿಂಬದಿಯನ್ನು ಅಲ್ಲಾಡಿಸಲು ಹೇಳಿದ. ಚಕಾರವಿಲ್ಲ. ಖಾಲಿ ಜೀಪು ಗೋಡೆಯ ಹಾಗೆ ಮೂಕವಾಗಿತ್ತು.

"ಹತ್ತಿ!" ಎಂದ ಕೆಳಗಿನಿಂದ.

ಹತ್ತಿದರು.

"ಎಡಗಡೆಗೆ ವಾಲಿ!"

"ನನ್ನ ಕೋಳಿ ಸಾಯುತ್ತೆ!"

"ಕೋಳೀನೂ ವಾಲ್ಲಿ!"

ಮೂಟೆ, ಸಿಲಿಂಡರು, ಜನ, ಕೋಳಿ ಎಲ್ಲ ಒಂದು ಮಗ್ಗುಲಿಗೆ ಒರಗಿದಾಗ, ಸರಿಯಾಗಿ ಅವನ ಮೂಗಿನ ನೇರಕ್ಕೆ, *ಕ್ಞೀ… ಟಕ್.* ಎಡ ಹಿಂಬದಿಯ ಸ್ಪ್ರಿಂಗ್ ಪಟ್ಟಿಗಳು ತೂಗುವ ಕೊಂಡಿ. ಹೊರೆ ತುಂಬಿ ಗಾಡಿ ಎಡಕ್ಕೆ ವಾಲಿದಾಗ ಮಾತ್ರ ಬಾಯಿ ಬಿಡುವ ಕೊಂಡಿ. ಭಾನುವಾರಗಳಲ್ಲಿ ಅವನು ಗ್ರೀಸು ಹಚ್ಚಿ, ಸುತ್ತಿಗೆಯಿಂದ ತಟ್ಟಿ, ಕಿವಿ ಇಟ್ಟು ಕೇಳುತ್ತಿದ್ದಾಗೆಲ್ಲ ಗಾಡಿ ಖಾಲಿ. ತುಂಬಿದಾಗೆಲ್ಲ ಅವನು ಮುಂದೆ, ಎಂಜಿನ್ನಿನ ಗದ್ದಲದ ಬೆನ್ನಿಗೆ.

"ಯಾವಾಗಿಂದ ಇದು?" ಮಲಗಿದ್ದಲ್ಲಿಂದಲೇ ಕೇಳಿದ.

ಹಿಂದಿನ ಮೆಟ್ಟಿಲ ಮೇಲಿನವರ ಕಾಲುಗಳಷ್ಟೇ ಅವನಿಗೆ ಕಾಣುತ್ತಿದ್ದವು. ಕಾಲುಗಳೂ ಒಂದನ್ನೊಂದು ನೋಡುತ್ತಿರುವಂತಿತ್ತು.

"ನಮ್ಮೆಜಮಾನ್ರು ಇದ್ದಾಗಿಂದ ಇದೆ," ಎಂದಳು ಬೆರ್ತಿಲ್ದಾ ಕೊನೆಗೆ. "ಅವರು ಅದಕ್ಕೆ ತಲೆಯಾಡಿಸ್ತಾ ನಿದ್ದೆ ಮಾಡೋರು."

"ನನ್ನ ಮದ್ವೆಗೆ ಹೋದಾಗ್ಲೂ ಇತ್ತು," ಎಂದ ಗಿಲ್ದಾರ್ದೋ. "ಆಗ್ಲೇ ಅರ್ಥ ಮಾಡ್ಕೊಂಡು ವಾಪಸ್ ಹೋಗಬೇಕಿತ್ತು."

"ಇಷ್ಟು ಜನ ಇದೀರಲ್ಲ, ಒಬ್ಬರಾದ್ರೂ ಬಾಯಿ ಬಿಡಬಾರದಾ?"

"ನಾನು ಹೇಳಿದ್ದೆ," ಎಂದಳು ಬೆರ್ತಿಲ್ದಾ. "ನನ್ನ ಕಟ್ಟಿಸ್ಕೊಂಡ ಹಲ್ಲಿನ ಸದ್ದು ಅಂದ್ರಿ ನೀವು. ಚೌಕದಲ್ಲಿ, ಪಾದ್ರಿಗಳ ಮುಂದೆ."

ಮೇಲೆ ಯಾರೋ ನಗು ತಡೆಯಲಾರದೆ ಮೂಗಿನಿಂದ ಬಿಟ್ಟರು. ನೋರಾಲ್ಬಾ ಮಣ್ಣಿನ ಮೇಲೆ ಬೆನ್ನೂರಿ ಅವನ ಪಕ್ಕಕ್ಕೆ ತೆವಳಿ ಬಂದಳು. ಚಿಕ್ಕವಳಿದ್ದಾಗ ಸ್ಪ್ಯಾನರು ಕೊಡಲು ಹೀಗೇ ಬರುತ್ತಿದ್ದಳು.

"ಸ್ಕೂಲಿಂದ ಬರ್ತಾ ಈ ಬೆಂಚಿನ ಮೇಲೇ ಕೂತ್ಕೊತಿದ್ನಲ್ಲ ಅಪ್ಪ," ಎಂದಳು ಮೆಲ್ಲಗೆ. "ಕೊಂಡಿ ಗಟ್ಟಿಯಾಗೇ ಇದೆ. ಕೊಂಡಿ ಕೂರೋ ತೂತು ಸವೆದು ಕೋಳಿಮೊಟ್ಟೆ ಥರ ಆಗಿದೆ, ಅಷ್ಟೆ. ಇಲ್ಲಿ ನೋಡಿ."

ಅವಳು ಟಾರ್ಚು ಬಿಟ್ಟಳು. ಗ್ರೀಸನ್ನು ಬೆರಳಿನಿಂದ ಒರೆಸಿದಾಗ, ಕೊಂಡಿಯ ಬುಡದಿಂದ ಚಾಸಿಯ ಉಕ್ಕಿನವರೆಗೆ ಎಳೆದ ತೆಳ್ಳನೆಯ ಕೆಂಪು ಗೆರೆಯೊಂದು ಕಂಡಿತು.

"ಇದೇನು?"

"ಉಗುರುಬಣ್ಣ. ಬಿರುಕು ಬಿಟ್ರೆ ಗೆರೆ ಮುರಿಯುತ್ತೆ. ಪ್ರತಿ ವಾರ ನೋಡ್ತೀನಿ. ನೀವು ಊಟಕ್ಕೆ ಹೋದಾಗ."

"ಎಷ್ಟು ದಿನದಿಂದ?"

"ನೀವು ಓಡಿಸ್ತಿದ್ದಾಗಿಂದ್ಲೂ. ಗೆರೆ ಮಾಸಿದ್ರೆ ಮೇಲೆ ಇನ್ನೊಂದು ಎಳೀತೀನಿ. ಸದ್ದು ಹೀಗೇ ಇರೋವರೆಗೂ ಭಯ ಇಲ್ಲ. 'ಟಕ್' ಅನ್ನೋದು ಮೊದಲು ಬಂದು 'ಕ್ಞೀ' ಆಮೇಲೆ ಬಂದ್ರೆ, ಅವತ್ತು ಗಾಡಿ ಅಲ್ಲೇ ನಿಲ್ಸಿ, ತೂತು ತುಂಬಿಸಿ ವೆಲ್ಡಿಂಗ್ ಮಾಡಿಸ್ಬೇಕು."

ಎವೆಲಿಯೋ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಒಂದರ ಮೇಲೊಂದು ಬಳಿದು ಬಣ್ಣ ದಪ್ಪಗಾಗಿತ್ತು, ಮರದ ತೊಗಟೆಯ ಹಾಗೆ ಪದರ ಪದರ. ಎಲ್ಲೂ ಮುರಿದಿರಲಿಲ್ಲ. ಅವನಿಗೆ ಬೈಯಬೇಕು ಅನಿಸಿತು. ಬದಲಿಗೆ ಗೆರೆಯ ಮೇಲೆ ಮತ್ತೆ ಗ್ರೀಸು ಸವರಿದ.

"ನಾವು ಹೀಗೇ ವಾಲ್ಕೊಂಡಿರಬೇಕಾ?" ಎಂದಿತು ಮೇಲಿನಿಂದ ಗಿಲ್ದಾರ್ದೋನ ದನಿ.

ಮತ್ತೆ ಹೊರಟಾಗ ಯಾರೂ ಹಾಡಲಿಲ್ಲ, ಯಾರೂ ಜಪಸರ ಮುಟ್ಟಲಿಲ್ಲ. ಬಲತಿರುವುಗಳಲ್ಲಿ ಕೊಂಡಿ ತನ್ನ ಪಾಡಿಗೆ ಮಾತಾಡಿಕೊಂಡಿತು. ಎವೆಲಿಯೋ ಪೋಂಚೋವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಹ್ಯಾಟನ್ನು ಮುಂದಕ್ಕೆ ಎಳೆದುಕೊಂಡು ಕೂತಿದ್ದ. ಮುಂದೆ ನೋರಾಲ್ಬಾ ಪ್ರತಿ ಬಲತಿರುವಿನ ನಂತರ ಕನ್ನಡಿಯಲ್ಲಿ ಆ ಹ್ಯಾಟನ್ನೇ ನೋಡುತ್ತಿದ್ದಳು.

ಬೆಟ್ಟದ ಮೇಲಿನ ಊರಿಗೆ ಮುಂಚಿನ ಕೊನೆಯ ಏರು ಮಳೆಗೆ ಕಲಸಿದ ಹಿಟ್ಟಾಗಿತ್ತು. ಅರ್ಧಕ್ಕೆ ಹೋದ ಜೀಪಿನ ಚಕ್ರಗಳು ಜಾರಿ, ಹಿಂಬದಿ ಒಂದು ಪಕ್ಕಕ್ಕೆ ಸರಿಯಿತು. ನೋರಾಲ್ಬಾ ಆಕ್ಸಿಲರೇಟರು ತುಳಿಯಲಿಲ್ಲ. ಕುಳಿತಲ್ಲಿಂದಲೇ ಕೂಗಿದಳು: "ಗಂಡಸ್ರೆಲ್ಲ ಇಳೀರಿ!"

ಗಂಡಸರು ಇಳಿದರು. ಎವೆಲಿಯೋ ಕೂತೇ ಇದ್ದ. ಈ ಕೂಗನ್ನು ಜೀವನವಿಡೀ ಹಾಕಿದವನು ಅವನು. ಅದಕ್ಕೆ ಇಳಿಯುವ ಅಭ್ಯಾಸ ಅವನಿಗಿರಲಿಲ್ಲ.

ಬೆರ್ತಿಲ್ದಾ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನೀವು ಹೆಂಗಸ್ರ ಲೆಕ್ಕಾನಾ ದೋನ್ ಎವೆಲಿಯೋ?"

ಅವನು ಇಳಿದ. ಗಿಲ್ದಾರ್ದೋನ ಪಕ್ಕದಲ್ಲಿ ಜಾಗ ಮಾಡಿಕೊಂಡು, ತನ್ನ ಜೀಪಿನ ಹಿಂಬದಿಗೆ ಹೆಗಲು ಕೊಟ್ಟ. ಎಂಜಿನ್ನು ತಗ್ಗಿನ ದನಿಯಲ್ಲಿ ಎಳೆಯತೊಡಗಿತು. ಕೆಸರು ಎದ್ದು ಅವನ ಹ್ಯಾಟು, ಮೀಸೆ, ಕಣ್ಣಿನ ಮುಚ್ಚಳ, ಇಸ್ತ್ರಿ ಮಾಡಿದ ಪೋಂಚೋ, ಒಂದನ್ನೂ ಬಿಡದೆ ಬಳಿದುಕೊಂಡಿತು. "ಇನ್ನೂ!" ಎಂದು ಯಾರೋ ಕೂಗಿದರು. ಅದು ತಾನೇ ಎಂದು ಅವನಿಗೆ ಆಮೇಲೆ ಗೊತ್ತಾಯಿತು. ಚಕ್ರಗಳಿಗೆ ಎಲ್ಲೋ ಒಂದು ಗಟ್ಟಿ ನೆಲ ಸಿಕ್ಕಿತು. ಹೆಗಲ ಮೇಲಿನ ಭಾರ ಥಟ್ಟನೆ ಹಗುರಾಗಿ, ಗಂಡಸರೆಲ್ಲ ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ಜೀಪು ಹೋಗಿಯೇಬಿಟ್ಟಿತು.

ಅವಳು ನಿಲ್ಲಿಸಲಿಲ್ಲ. ಹಿಡಿತ ಸಿಕ್ಕ ಮೇಲೆ ಏರಿನ ತಲೆ ಮುಟ್ಟುವವರೆಗೆ ನಿಲ್ಲಿಸಬಾರದು.

ಕೆಸರಿನ ಮನುಷ್ಯರು ನಗುತ್ತಾ, ಬೈದಾಡುತ್ತಾ ಹಿಂದೆ ನಡೆದರು. ಮೋಡ ಬಿರಿದು ಬಾಳೆತೋಟದ ಮೇಲೆ ಹಳದಿ ಬಿಸಿಲು ಬಿದ್ದಿತ್ತು. ಗಿಲ್ದಾರ್ದೋನ ಅಮಲು ಪೂರ್ತಿ ಇಳಿದಿತ್ತು.

"ನಾಳೆ ಪೂಜೆಗೆ ಕೆಳಗೆ ಹೋಗೋಕೆ ಎಷ್ಟು ಹೊತ್ತಿಗೆ ಬರ್ಲಿ ದೋನ್ ಎವೆಲಿಯೋ?" ಎಂದು ಕೇಳಿದ, ಯಾವಾಗಲೂ ಕೇಳುವ ಹಾಗೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಿಕ್ಕವರ ನಡಿಗೆ ನಿಧಾನವಾಯಿತು.

ಎವೆಲಿಯೋ ಮೀಸೆಯ ಕೆಸರು ಒರೆಸಿಕೊಂಡ. "ನನ್ನನ್ನೇನೋ ಕೇಳ್ತೀಯ? ಡ್ರೈವರನ್ನ ಕೇಳು ಹೋಗು."

ಗಿಲ್ದಾರ್ದೋ ಹ್ಯಾಟು ಹಿಡಿದುಕೊಂಡು ಏರಿನ ಮೇಲಕ್ಕೆ ಓಡಿದ.

ಮೇಲೆ ಜೀಪು ಎಂಜಿನ್ನು ಆರಿಸದೆ ಕಾಯುತ್ತಿತ್ತು. ಎವೆಲಿಯೋ ಎಲ್ಲರಿಗಿಂತ ಕೊನೆಗೆ ಬಂದು ಮುಟ್ಟಿದ. ಬೆಂಚುಗಳು ಆಗಲೇ ತುಂಬಿಹೋಗಿದ್ದವು. ಅವನು ಹಿಂದಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಮೇಲಿನ ಕಂಬಿಗೆ ಕೈ ಚಾಚಿದ. ಕಂಬಿಗೆ ಪ್ರತಿ ವರ್ಷ ಅವನೇ ಹಸಿರು ಬಣ್ಣ ಬಳಿಯುತ್ತಿದ್ದ. ಮೆಟ್ಟಿಲ ಮೇಲೆ ನಿಂತವರು ಹಿಡಿದು ಹಿಡಿದು ಅಲ್ಲೊಂದು ಗೇಣಿನಷ್ಟು ಜಾಗದಲ್ಲಿ ಬಣ್ಣ ಪೂರಾ ಹೋಗಿ, ಕಬ್ಬಿಣ ಬೆಳ್ಳಿಯ ಹಾಗೆ ನುಣುಪಾಗಿತ್ತು. ಈಗಷ್ಟೇ ಯಾರೋ ಹಿಡಿದು ಬಿಟ್ಟಂತೆ ಬೆಚ್ಚಗೂ ಇತ್ತು. ಅವನು ಅಲ್ಲೇ ಹಿಡಿದುಕೊಂಡ.